ಜೈಬಮ್ಮನ ಬಾವಿಯೂ ನನ್ನ ಮೀಟರೂ

ಹೋದ ಭಾನುವಾರ ನಮ್ಮ ಮನೆಗೆ ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ಬಂದಿದ್ದ. ಬಿಸಿಲಲ್ಲಿ ಬಂದಿದ್ದಾನೆಂದು ನಮ್ಮ ಯಜಮಾನರು ಒಂದು ಲೋಟ ನಿಂಬೆಹಣ್ಣಿನ ಶರಬತ್ತು ಕೊಟ್ಟರು. ಆತ ಅದನ್ನು ಗಟಗಟನೆ ಕುಡಿದ. ಅದೇ ಲೋಟವನ್ನು ನಲ್ಲಿಯ ಕೆಳಗೆ ಹಿಡಿದು ನೀರು ತುಂಬಿಸಿದ. ಜೇಬಿನಿಂದ ಪೆನ್ನಿನಂಥ ಮೀಟರೊಂದನ್ನು ತೆಗೆದು ಅದರೊಳಗೆ ಅದ್ದಿದ. ಅಂಕಿಗಳು ಓಡಿ ಓಡಿ ಒಂದು ಕಡೆ ನಿಂತವು. ಸಾವಿನ ಸುದ್ದಿ ತಂದವನ ಹಾಗೆ ಮುಖ ಮಾಡಿಕೊಂಡು, "ಮೇಡಂ, ಇಷ್ಟು ದಿನ ಇದೇ ನೀರು ಕುಡೀತಿದ್ರಾ?" ಅಂದ.

ಯಜಮಾನರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಲೋಟದ ತಳ ನೋಡುತ್ತಿದ್ದೆ. ಅಲ್ಲಿ ಎರಡು ನಿಂಬೆಬೀಜ ಆರಾಮಾಗಿ ಕೂತಿದ್ದವು.

"ಒಂದು ಕೆಲಸ ಮಾಡಪ್ಪಾ," ಅಂದೆ. "ಆ ಲೋಟಾನ ಅದೇ ನಲ್ಲಿ ನೀರಲ್ಲಿ ಮೂರು ಸಲ ಗಲಬರಿಸಿ ಚೆಲ್ಲು. ಆಮೇಲೆ ತುಂಬಿಸಿ ನೋಡು."

ಆತ ಹಾಗೇ ಮಾಡಿದ. ಅಂಕಿ ಚೆನ್ನಾಗಿಯೇ ಇಳಿಯಿತು. "ಮೇಡಂ, ನೀವೇನು ಟೀಚರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತನ್ನ ಬ್ಯಾಗಿನ ಜಿಪ್ಪು ಎಳೆದುಕೊಂಡ.

ಆತ ಹೋದ ಮೇಲೆ ಯಜಮಾನರು ನನ್ನ ಜಾಣತನವನ್ನು ಮೆಚ್ಚಿ ನಾಲ್ಕು ಮಾತಾಡಿದರು. ನನಗೋ ಒಳಗೊಳಗೇ ನಾಚಿಕೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಹುಡುಗ ಮಾಡಿದ ತಪ್ಪನ್ನೇ ನಾನು ಇಪ್ಪತ್ತು ವರ್ಷಗಳ ಹಿಂದೆ ಇನ್ನೂ ಹೆಚ್ಚು ಜನರ ಮುಂದೆ, ಇನ್ನೂ ಹೆಚ್ಚು ಜಂಬದಿಂದ ಮಾಡಿದವಳು. ಅವನದು ಶರಬತ್ತಿನಿಂದ ಆದ ತಪ್ಪು. ನನ್ನದು ಭಕ್ತಿಯಿಂದ ಆದದ್ದು.

ನಮ್ಮದು ದಾವಣಗೆರೆಯ ಮಂಡಿಪೇಟೆಯ ಮನೆ. ಅಕ್ಕಿ, ಬೇಳೆ, ಬೆಲ್ಲದ ಚೀಲಗಳ ನಡುವೆ ಬೆಳೆದವರು ನಾವು. ರಸಾಯನಶಾಸ್ತ್ರದಲ್ಲಿ ಸೀಟು ಸಿಗದೆ ನಾನು ಭೂವಿಜ್ಞಾನಕ್ಕೆ ಸೇರಿದಾಗ, ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, "ಕಲ್ಲು ಓದಾಕೆ ಕಾಲೇಜಿಗೆ ಯಾಕ ಹೋಗ್ಬೇಕವ್ವಾ? ಇಲ್ಲೇ ನನ್ನ ಮಗ್ಗಲಿಗೆ ಕೂಡ್ರು, ಬೇಕಾದಷ್ಟು ಅದಾವೆ" ಅಂದಿದ್ದಳು. ನೆಲದ ಕೆಳಗೆ ಗಂಗಮ್ಮ ಹೊಳೆಯ ಹಾಗೇ ಹರಿಯುತ್ತಾಳೆ, ಬಾವಿ ತೋಡಿದವರಿಗೆ ಅಲ್ಲಲ್ಲಿ ಮುಖ ತೋರಿಸುತ್ತಾಳೆ ಎನ್ನುವುದು ಅಜ್ಜಿಯ ಭೂವಿಜ್ಞಾನ. ಎಂ.ಎಸ್ಸಿ.ಗೆ ಬರುವ ತನಕ ನನ್ನದೂ ಅದೇ ಆಗಿತ್ತು ಎಂದರೆ ನಗಬೇಡಿ. ಪರೀಕ್ಷೆಯಲ್ಲಿ ಬೇರೆ ಬರೆಯುತ್ತಿದ್ದೆ, ಅಷ್ಟೇ.

ಅಂತರ್ಜಲದ ಪಾಠ ಹೇಳಲು ಬಂದ ನಮ್ಮ ಮೇಷ್ಟ್ರು ಮೊದಲ ದಿನ ಕ್ಲಾಸಿಗೇ ಬರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಎಲ್ಲರೂ ಹರಿಹರದ ಹೊಳೆದಂಡೆಗೆ ಬರಬೇಕು ಎಂದು ಬೋರ್ಡಿನ ಮೇಲೆ ಬರೆಸಿದ್ದರು. ಹೋದೆವು. ಬೇಸಿಗೆಯ ತುಂಗಭದ್ರೆ ಸೊರಗಿ ಆಚೆ ದಡದ ಕಡೆ ಸರಿದು ಮಲಗಿದ್ದಳು. ಈಚೆ ಬರೀ ಮರಳು. "ಕೈಯಲ್ಲೇ ತೋಡ್ರಿ," ಅಂದರು ಮೇಷ್ಟ್ರು. ಹೊಸ ಚೂಡಿದಾರದ ತೋಳು ಮಡಚಿ ನಾಯಿಮರಿಗಳ ಹಾಗೆ ತೋಡಿದೆವು. ಮೊಳದಷ್ಟು ಆಳಕ್ಕೆ ಒರತೆ ಜಿನುಗಿ, ಗುಂಡಿಯಲ್ಲಿ ನೀರು ನಿಂತಿತು.

"ಈಗ ಹೇಳ್ರಿ. ಹೊಳೆ ಗುಂಡಿಗೆ ನೀರು ಕೊಟ್ಟಿತೋ, ಗುಂಡಿ ಕಡೆಯಿಂದ ಹೊಳೆಗೆ ನೀರು ಹೋಗ್ತೈತೋ?"

ಹೊಳೆಯೇ ಕೊಟ್ಟಿತು ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದೆವು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುತ್ತಾರಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅಂಥದೊಂದನ್ನು ಮೇಷ್ಟ್ರು ಚೀಲದಿಂದ ಹೊರಗೆ ತೆಗೆದರು. ಒಂದು ತುದಿ ಗುಂಡಿಯ ಹತ್ತಿರ, ಇನ್ನೊಂದು ಹೊಳೆಯ ಅಂಚಿನಲ್ಲಿ ಹಿಡಿಸಿದರು. ಗುಂಡಿಯ ನೀರೇ ಎರಡು ಬೆರಳು ಮೇಲಿತ್ತು! ಅಂದರೆ ಬೇಸಿಗೆಯಲ್ಲಿ ನೆಲವೇ ಮೆಲ್ಲಗೆ ಹೊಳೆಗೆ ನೀರು ಕೊಡುತ್ತಿತ್ತು. ಹದಿನೈದು ವರ್ಷ ಶಾಲೆ-ಕಾಲೇಜು ಓದಿದ್ದ ನನ್ನ ತಲೆ ಆ ಎರಡು ಬೆರಳಿಗೆ ಗಿರ್ರನೆ ತಿರುಗಿತು.

ಮೇಷ್ಟ್ರ ಎಲ್ಲ ಪ್ರಯೋಗಗಳೂ ಹೀಗೇ ಕೈಹಿಡಿಯುತ್ತಿದ್ದವು ಅಂದುಕೊಳ್ಳಬೇಡಿ. ಅವತ್ತೇ ದಂಡೆಯ ಚಹಾದಂಗಡಿಯಲ್ಲಿ, ಕಾಳುಗಳ ಸಂದಿಯಲ್ಲಿ ನೀರು ಹೇಗೆ ಕೂರುತ್ತದೆಂದು ತೋರಿಸಲು ಲೋಟದ ತುಂಬ ಮಂಡಕ್ಕಿ ಹಾಕಿ, "ಇದೇ ಮರಳು ಅಂದ್ಕೊಳ್ರಿ" ಎಂದು ನೀರು ಹೊಯ್ದರು. ಮಂಡಕ್ಕಿ ಅಷ್ಟೂ ಒಟ್ಟಿಗೆ ಎದ್ದು ಲೋಟದಿಂದ ಆಚೆ ಬಂತು. ಅಂಗಡಿಯವನು ಮೇಜು ಒರೆಸುತ್ತ, "ಸಾರ್, ನಿಮ್ಮ ಮರಳು ತೇಲಾಕ್ ಹತ್ತೈತಲ್ರಿ" ಅಂದ. ಮೇಷ್ಟ್ರು ನಮಗಿಂತ ಜೋರಾಗಿ ನಕ್ಕರು. ತಪ್ಪಿದಾಗ ಹೀಗೆ ನಗಬಹುದು ಎಂದು ನಾನು ಕಲಿತುಕೊಂಡೆ. ಎಲ್ಲ ತಪ್ಪಿಗೂ ನಗಲಾಗದು ಎನ್ನುವುದನ್ನು ಕಲಿಯಲು ಇನ್ನೂ ಎರಡು ತಿಂಗಳಿತ್ತು.

ನನಗೂ ಗೆಳತಿ ನಾಗರತ್ನಳಿಗೂ ಸೇರಿಸಿ ಮೇಷ್ಟ್ರು ಕೆಲವು ಬಾವಿಗಳನ್ನು ವಹಿಸಿಕೊಟ್ಟರು. ಪ್ರತಿ ತಿಂಗಳೂ ಹೋಗಿ ಎರಡು ಕೆಲಸ ಮಾಡಬೇಕು. ಒಂದು, ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವುದು. ಇನ್ನೊಂದು, ನೀರಿನಲ್ಲಿ ಉಪ್ಪು, ಸುಣ್ಣ ಮೊದಲಾದವು ಎಷ್ಟು ಕರಗಿವೆ ಎಂದು ಮೀಟರಿನಿಂದ ನೋಡುವುದು. ಅವು ಹೆಚ್ಚಿದಷ್ಟೂ ನೀರಿನಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ, ಮೀಟರಿನ ಅಂಕಿ ಮೇಲೇರುತ್ತದೆ. ಮೀಟರನ್ನು ಬಾವಿಗೇ ಇಳಿಸಲಾಗದು. ಸೇದಿದ ನೀರನ್ನು ಪ್ಲಾಸ್ಟಿಕ್ ಬೀಕರಿಗೆ ಹಾಕಿ ಅದರಲ್ಲಿ ಅದ್ದಬೇಕು. ಹಾಕುವ ಮುಂಚೆ ಬೀಕರನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ಗಲಬರಿಸಬೇಕು. ಮೇಷ್ಟ್ರು ಇದನ್ನು ಎಷ್ಟು ಸಲ ಹೇಳಿದ್ದರೆಂದರೆ, ನಾವು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆವು.

ನಾನು ಹೇಳಹೊರಟ ಆ ದಿನ ಮೊದಲ ಬಾವಿ ಪಕ್ಕದ ಹಳ್ಳಿ ಹದಡಿಯದು. ನನ್ನ ತಾಯಿಯ ಸೋದರಮಾವನ ಮನೆ. ನಮಗೆಲ್ಲ ಆತ ಹದಡಿ ಅಜ್ಜ. ಆಳ ಅಳೆಯುವ ಉಪಾಯ ಬಲು ಸರಳ. ಉಕ್ಕಿನ ಟೇಪಿನ ತುದಿಗೆ ಚಾಕ್‌ಪೀಸು ಬಳಿದು ಬಾವಿಗೆ ಇಳಿಬಿಡುತ್ತೀರಿ. ನೀರು ಮುಟ್ಟಿದಷ್ಟು ಭಾಗದ ಬಿಳುಪು ಬಣ್ಣಗೆಡುತ್ತದೆ. ಮೇಲೆಳೆದುಕೊಂಡು, ಇಳಿಬಿಟ್ಟ ಉದ್ದದಿಂದ ಒದ್ದೆಯಾದ ಉದ್ದವನ್ನು ಕಳೆದರೆ ಆಯಿತು. ಆದರೆ ಬ್ಯಾಗಿನಲ್ಲಿ ನಾಗರತ್ನಳ ನೀರಿನ ಬಾಟಲಿ ಸೋರಿ ಚಾಕ್‌ಪೀಸೆಲ್ಲ ಗಂಜಿಯಾಗಿತ್ತು.

"ಬಿಳೇದು ಬಳೀಬೇಕು, ಅಷ್ಟೇ ಹೌದಲ್ಲ? ತಡಿ," ಎಂದು ಅಜ್ಜ ಒಳಗೆ ಹೋದ. ದೇವರ ಮಾಡಿನಿಂದ ಮನೆಯಲ್ಲೇ ಮಾಡಿದ ವಿಭೂತಿ ಗಟ್ಟಿಯೊಂದನ್ನು ತಂದು ಕೊಟ್ಟ.

"ಅಯ್ಯೋ ಬ್ಯಾಡಜ್ಜ, ಪೂಜೆದು ಅದು!"

"ಗಂಗಮ್ಮನ್ನ ನೋಡಾಕೆ ಹೊಂಟೈತೆ ನಿನ್ನ ಟೇಪು. ಬರೇ ಹಣಿಲೆ ಹೋಗ್ತೈತೇನು? ಹಚ್ಚು ಹಚ್ಚು."

ಹಚ್ಚಿದೆ. ಏನು ಹೇಳಲಿ, ಚಾಕ್‌ಪೀಸು ಅದರ ಮುಂದೆ ಏನೇನೂ ಅಲ್ಲ. ಉಕ್ಕಿಗೆ ಮೆತ್ತಗೆ ಹಿಡಿದುಕೊಂಡಿತು, ನೀರಿನ ಗೆರೆ ಕೂದಲೆಳೆಯಷ್ಟು ತೆಳ್ಳಗೆ, ಖಚಿತವಾಗಿ ಮೂಡಿತು. ಅಜ್ಜ ಟೇಪನ್ನು ಓರೆಗಣ್ಣಿನಿಂದ ನೋಡಿ, "ಮೊನ್ನೆ ಗದ್ದಿ ಚಾನಲ್‌ಗೆ ನೀರು ಬಿಟ್ಟಾರೆ. ನಾಡಿದ್ದಿಗೆ ಇನ್ನೊಂದು ಗೇಣು ಏರ್ತೈತೆ, ಅದನ್ನೂ ಬರ್ಕೋ" ಅಂದ. ಆಗದ ಅಳತೆಯನ್ನು ಬರೆಯಲು ಬರುವುದಿಲ್ಲ ಎಂದೆ. "ಹಂಗಾರೆ ನಾಡಿದ್ದು ಬಾ, ಹೋಳಿಗಿ ಮಾಡಿಸ್ತೀನಿ" ಅಂದ.

ಹೊರಡುವಾಗ ಉಳಿದ ವಿಭೂತಿ ಚೂರನ್ನು ನನ್ನ ಕೈಗಿಟ್ಟು ಹೇಳಿದ: "ಮುಂದಿನ ಬಾವಿಗೂ ಬೇಕಾಗ್ತೈತೆ. ನೆಲದ ಮ್ಯಾಲೆ ಇಡಬ್ಯಾಡ. ಚಪ್ಲಿ ಹತ್ರ ಬ್ಯಾಡ. ಊಟದ ಡಬ್ಬಿ ಎಂಜಲಾಗಿರ್ತೈತೆ, ಅದರೊಳಗಂತೂ ಬ್ಯಾಡೇ ಬ್ಯಾಡ. ಚೊಕ್ಕಟ ಇರೋದ್ರಾಗೆ ಇಡು."

ಚೂಡಿದಾರಕ್ಕೆ ಜೇಬಿಲ್ಲ. ಬ್ಯಾಗಿನಲ್ಲಿ ಊಟದ ಡಬ್ಬಿ, ಕೆಸರು ಹಿಡಿದ ಹಗ್ಗ, ಉಂಗುಷ್ಟ ಕಿತ್ತುಹೋಯಿತೆಂದು ನಾಗರತ್ನ ಬಿಚ್ಚಿಟ್ಟಿದ್ದ ಚಪ್ಪಲಿ. ಇಡೀ ಬ್ಯಾಗಿನಲ್ಲಿ ಚೊಕ್ಕಟವಾಗಿದ್ದದ್ದು ಒಂದೇ, ಒಗೆದ ಬಟ್ಟೆಯಲ್ಲಿ ಸುತ್ತಿಟ್ಟ ಬೀಕರು. ವಿಭೂತಿಯನ್ನು ಕಣ್ಣಿಗೊತ್ತಿಕೊಂಡು ಅದರೊಳಗಿಟ್ಟೆ. ಹದಡಿಯಿಂದ ಊರಿಗೆ ಬರುವ ದಾರಿಯ ಗುಂಡಿಗಳಿಗೆಲ್ಲ ನಮ್ಮ ಮೊಪೆಡ್ ಕುಣಿಯಿತು. ಒಳಗೆ ವಿಭೂತಿಯೂ ಕುಣಿದಿರಬೇಕು.

ಎರಡನೇ ಬಾವಿ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿತ್ತು. ದಾವಣಗೆರೆಯ ಮಂಡಕ್ಕಿ ತಿಂದವರೆಲ್ಲ ಆ ಓಣಿಗೆ ಬಂದಿರುವುದಿಲ್ಲ. ಗಾಳಿಯಲ್ಲಿ ಸದಾ ಸುಟ್ಟ ಹೊಟ್ಟಿನ ವಾಸನೆ, ಬಿಳಿ ಬಟ್ಟೆ ಒಣಹಾಕಿದರೆ ಸಂಜೆಗೆ ಬೂದುಬಣ್ಣ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅದು ಒಂದೇ ಕ್ಷಣದಲ್ಲಿ ಹೂವಾಗುತ್ತದೆ. ಜೈಬುನ್ಬಿ ಅವರದು ಅಲ್ಲಿ ಹಳೆಯ ಭಟ್ಟಿ. ಓಣಿಯವರಿಗೆಲ್ಲ ಅವರು ಜೈಬಮ್ಮ. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ನಡೆಸುತ್ತಿದ್ದರು. ಅವರ ಅಂಗಳದ ಬಾವಿಯ ನೀರು ಆ ಓಣಿಗೇ ಹೆಸರುವಾಸಿ. ಸುತ್ತಿನ ಬಾವಿಗಳೆಲ್ಲ ಸವಳಾದರೂ ಅದೊಂದು ಸಿಹಿ. "ನನ್ನ ಮಂಡಕ್ಕಿ ಹಂಗೆ ಅರಳೋದು ಮರಳಿಂದಲ್ಲ, ಈ ನೀರಿಂದ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿದ ಮೇಲೆ ಒಂದು ಲೋಟ ಕುಡಿಸಿಯೇ ಕಳಿಸುತ್ತಿದ್ದರು.

ನಡುಮಧ್ಯಾಹ್ನ. ಹೊಟ್ಟೆ ಚುರುಗುಟ್ಟುತ್ತಿತ್ತು. ಕೊಡ ಹಿಡಿದ ಐದಾರು ಹೆಂಗಸರು ನಮ್ಮ ಟೇಪಿನ ಸುತ್ತ ನೆರೆದಿದ್ದರು. ಉಳಿದಿದ್ದ ವಿಭೂತಿ ಬೀಕರಿನಿಂದ ಟೇಪಿಗೆ ಹೋಗಿ ಅಲ್ಲಿಗೆ ಮುಗಿಯಿತು. ನಾಗರತ್ನ ಲ್ಯಾಬಿಗೆಂದು ಒಂದು ಬಾಟಲಿಯನ್ನು ಕೊಡದಿಂದ ನೇರವಾಗಿ, ಶಾಸ್ತ್ರೋಕ್ತವಾಗಿ ತೊಳೆದು ತುಂಬಿಸಿದಳು. ನಾನು ಬೀಕರಿಗೆ ನೀರು ಹೊಯ್ದು ಮೀಟರು ಅದ್ದಿದೆ. ಮೂರು ಸಲ ಗಲಬರಿಸಿದೆನೇ? ಇಲ್ಲ. ಮಂದಿ ನೋಡುತ್ತಿದ್ದರು. ಸಿನಿಮಾದ ಡಾಕ್ಟರ ಹಾಗೆ ಬೇಗಬೇಗ ಮಾಡುವ ಹುರುಪಿನಲ್ಲಿದ್ದೆ.

ಅಂಕಿ ಹೋದ ತಿಂಗಳಿನದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು! ನನಗಾದದ್ದು ಗಾಬರಿಯಲ್ಲ, ಸಂತೋಷ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಏನೋ ಕಂಡುಹಿಡಿದುಬಿಟ್ಟೆ ಎನ್ನುವ ಸಂತೋಷ ಅದು. ಗಂಟಲು ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ, "ಈ ನೀರು ಕೆಟ್ಟಿದೆ. ಕುಡಿಯಲು ಯೋಗ್ಯವಲ್ಲ" ಎಂದು ಸಾರಿದೆ.

ಜೈಬಮ್ಮ ಕೊಡಕ್ಕೆ ಕೈಹಾಕಿ ಒಂದು ಬೊಗಸೆ ಕುಡಿದರು. ಬಾಯಲ್ಲಿ ಆಡಿಸಿದರು. "ಸಿಹಿ ಐತಲ್ಲೇ! ನಿನ್ನೆ ಹೆಂಗಿತ್ತೋ ಹಂಗೇ ಐತೆ."

"ನಾಲಿಗೆಗೆ ಗೊತ್ತಾಗಲ್ಲ ಜೈಬಮ್ಮ," ಅಂದೆ. "ಮೀಟರಿಗೆ ಗೊತ್ತಾಗುತ್ತೆ."

ಕೊಡ ತುಂಬಿಸಿಕೊಂಡಿದ್ದ ಹೆಂಗಸೊಬ್ಬಳು ಮೆಲ್ಲಗೆ ಕೊಡ ಬಗ್ಗಿಸಿ ಚರಂಡಿಗೆ ಚೆಲ್ಲಿದಳು. ಆ ನೀರು ಹರಿದು ಹೋಗುವುದನ್ನೇ ಜೈಬಮ್ಮ ನೋಡುತ್ತಿದ್ದರು.

ನಾಲ್ಕು ದಿನ ಕಳೆದವು. ಮಂಡಿಪೇಟೆಯಲ್ಲಿ ಸಗಟು ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಮನೆಗೆ ಊಟಕ್ಕೆ ಬಂದವರು, ಎಲ್ಲರೆದುರು ನನ್ನ ಬೆನ್ನು ತಟ್ಟಿದರು. "ನಮ್ಮ ಹುಡುಗಿ ಶಾಣ್ಯಾಕಿ ನೋಡು! ಆ ಜೈಬಮ್ಮನ ಬಾವಿ ಕೆಟ್ಟಿರೋದು ಇವಳೇ ಕಂಡುಹಿಡಿದಾಳಂತೆ. ಬಜಾರೆಲ್ಲ ಮಾತು. ನಾನಂತೂ ಆಕಿ ಮಂಡಕ್ಕಿ ಇಳಿಸೋದು ನಿಲ್ಲಿಸ್ಬಿಟ್ಟೆ. ಉಳಿದೋರೂ ನಿಲ್ಲಿಸ್ಯಾರೆ." ಅಮ್ಮ ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ನಾನು ತಿಂದೆ.

ಮರುದಿನ ಲ್ಯಾಬಿನಲ್ಲಿ ಮೇಷ್ಟ್ರು ನಮ್ಮಿಬ್ಬರನ್ನು ಕರೆದರು. ನಾಗರತ್ನ ತುಂಬಿಸಿ ತಂದಿದ್ದ ಬಾಟಲಿಯ ನೀರು ಹೋದ ತಿಂಗಳ ಹಾಗೇ ಇತ್ತು. ಸಿಹಿನೀರು. "ಒಂದೇ ಕೊಡದ ನೀರು. ಬಾಟಲಿ ಒಂದು ಹೇಳ್ತೈತೆ, ಬೀಕರು ಇನ್ನೊಂದು ಹೇಳ್ತೈತೆ. ಇಬ್ಬರಲ್ಲಿ ಸುಳ್ಳುಗಾರ ಯಾರು? ಬೀಕರು ತಗೊಂಡು ಬಾ." ತಂದೆ. ಒಳಗೆ ಬೆರಳಾಡಿಸಿ ಮೇಲೆತ್ತಿದರು. ಬೆರಳ ತುದಿ ಬೆಳ್ಳಗಿತ್ತು.

"ಏನಮ್ಮ ಇದು?"

"ವಿಭೂತಿ, ಸರ್."

ಮೇಷ್ಟ್ರು ಅಭ್ಯಾಸಬಲದಿಂದ ಆ ಬೆರಳನ್ನು ಹಣೆಗೆ ಒಯ್ಯುತ್ತಿದ್ದವರು ಅರ್ಧ ದಾರಿಯಲ್ಲಿ ನಿಲ್ಲಿಸಿದರು. ನಾಗರತ್ನಳಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಮಾತ್ರ ಈ ಸಲ ನಗಲಿಲ್ಲ. "ಸಗಣಿ ಸುಟ್ಟ ಬೂದಿ. ಕ್ಷಾರ ಇರ್ತೈತೆ, ನೀರಲ್ಲಿ ಕರಗ್ತೈತೆ. ಅಂಕಿ ಏರದೆ ಏನು ಮಾಡೀತು?" ಅಂದರು. ಆಮೇಲೆ ನನ್ನ ಫೀಲ್ಡ್ ಪುಸ್ತಕ ತೆಗೆಸಿದರು. ನಮ್ಮಲ್ಲಿ ತಪ್ಪಿದ ಅಳತೆಯನ್ನು ರಬ್ಬರಿನಿಂದ ಅಳಿಸುವಂತಿಲ್ಲ. ಅದು ಓದಲು ಬರುವ ಹಾಗೆ ಮೇಲೊಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಹಾಕಿದೆ.

"ಪುಸ್ತಕದಲ್ಲಾಯ್ತು," ಅಂದರು ಮೇಷ್ಟ್ರು. "ಆ ಓಣಿಯಲ್ಲಿ ಹೆಂಗೆ ಹೊಡೀತೀಯಮ್ಮ ಗೆರೆ?"

ಮೀಟರು, ಬೀಕರು ತೆಗೆದುಕೊಂಡು ಒಬ್ಬಳೇ ಹೋದೆ. ಜೈಬಮ್ಮನ ಭಟ್ಟಿ ಉರಿಯುತ್ತಿರಲಿಲ್ಲ. ಆ ಓಣಿಯಲ್ಲಿ ತಣ್ಣಗಿರುವ ಭಟ್ಟಿಯನ್ನು ನೋಡುವುದೆಂದರೆ ಹಬ್ಬದ ದಿನ ಬೀಗ ಹಾಕಿದ ಮನೆ ನೋಡಿದ ಹಾಗೆ. ಚೀಲಗಳು ಗೋಡೆಗೆ ಒರಗಿಕೊಂಡು ಸಾಲಾಗಿ ಕೂತಿದ್ದವು. ಜೈಬಮ್ಮ ಜರಡಿಯ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸುತ್ತಿದ್ದರು. ತಲೆ ಎತ್ತದೆಯೇ, "ಬಾರವ್ವಾ ಮೀಟರಮ್ಮ! ಇವತ್ತು ಯಾರ ಮನಿ ಬಾವಿ ಕೆಡಿಸಾಕೆ ಹೊಂಟೆ?" ಅಂದರು.

ತಡವರಿಸುತ್ತ ಎಲ್ಲ ಹೇಳಿದೆ. ಅಜ್ಜ, ಚಾಕ್‌ಪೀಸು, ಬೀಕರು. ಅವರ ಕೈಯ ಕಡ್ಡಿ ನಿಂತಿತು.

"ಯಾವ ಬೂದಿ?"

"ವಿಭೂತಿ... ದೇವರದು."

"ಅಲ್ಲಾ! ನಿಮ್ಮಜ್ಜನ ವಿಭೂತಿ ಹೋಗಿ ಹೋಗಿ ನನ್ನ ಬಾವಿ ಮ್ಯಾಲೆ ಚಾಡಿ ಹೇಳ್ತಾ?" ನಗುತ್ತಿದ್ದಾರೋ ಬಯ್ಯುತ್ತಿದ್ದಾರೋ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ. ನಾನು ಕ್ಷಮೆ ಕೇಳಲು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು. "ನನಗೆ ಹೇಳಿದ್ರೆ ಏನ್ ಬಂತು ಬೇಟಿ? ನನಗೆ ಅವತ್ತೇ ಗೊತ್ತಿತ್ತು. ಎಷ್ಟು ಮಂದಿ ಮುಂದೆ ನೀರು ಕೆಟ್ಟೈತೆ ಅಂದಿ, ಅಷ್ಟು ಮಂದಿ ಮುಂದೆ ಹೇಳು. ನಡಿ, ನಾನೂ ಬರ್ತೀನಿ."

ಬುರ್ಖಾ ಹಾಕಿಕೊಂಡು, ಒಂದು ತಂಬಿಗೆ ಬಾವಿನೀರು ಹಿಡಿದು ಹೊರಟೇಬಿಟ್ಟರು. ಕೊಡ ತಂದಿದ್ದ ಹೆಂಗಸರ ಮನೆಮನೆಗೆ ಹೋಗಿ ಹೇಳಿದೆ. ಒಬ್ಬಳು ನಂಬಿದಳು, ಇನ್ನೊಬ್ಬಳು ಬಾಗಿಲು ಅರ್ಧ ತೆರೆದು ಕೇಳಿ ಮುಚ್ಚಿದಳು. ಅಲ್ಲಿಂದ ಮಂಡಿಪೇಟೆಗೆ. ಮಾವನ ಅಂಗಡಿಯಲ್ಲಿ ಆಗ ನಾಲ್ಕಾರು ವ್ಯಾಪಾರಿಗಳು ಗಾದಿಯ ಮೇಲೆ ಕೂತಿದ್ದರು. ನಮ್ಮಿಬ್ಬರನ್ನು ಒಟ್ಟಿಗೆ ಕಂಡ ಮಾವ ಎದ್ದು, "ಒಳಗೆ ಬರ್ರಿ, ಒಳಗೆ ಕೂತು ಮಾತಾಡೋಣ" ಅಂದರು.

"ಇಲ್ಲ ಮಾವ, ಇಲ್ಲೇ ಹೇಳಬೇಕು," ಅಂದೆ. ಜೈಬಮ್ಮ ತಂದಿದ್ದ ಬಾವಿಯ ನೀರನ್ನು ಚೆನ್ನಾಗಿ ಗಲಬರಿಸಿದ ಬೀಕರಿಗೆ ಹೊಯ್ದು ಅಂಕಿ ತೋರಿಸಿದೆ. ಆಮೇಲೆ ಅಂಗಡಿಯ ದೇವರ ಫೋಟೋದ ಮುಂದಿದ್ದ ವಿಭೂತಿಯಿಂದ ಒಂದು ಚಿಟಿಕೆ ಅದೇ ನೀರಿಗೆ ಹಾಕಿ ಕಲಕಿ ಮತ್ತೆ ತೋರಿಸಿದೆ. ಅಂಕಿ ಎದ್ದು ಓಡಿತು. "ತಪ್ಪು ಬಾವಿದಲ್ಲ, ನಂದು" ಅಂದೆ. ಮಾವ ತಮ್ಮ ಹಣೆಯ ಮೂರು ಗೆರೆಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಜೈಬಮ್ಮನ ಕೈಲಿದ್ದ ನೀರಿನ ತಂಬಿಗೆಯನ್ನು ಇಸಕೊಂಡು, ಎಲ್ಲರೆದುರು ಎತ್ತಿ ಕುಡಿದು, "ನಾಳೆ ಮಾಲು ಕಳಿಸ್ರಿ, ಜೈಬಮ್ಮ" ಅಂದರು.

"ನಾಳೆ ಆಗಲ್ರಿ ಶೆಟ್ರೇ, ಭಟ್ಟಿ ತಣ್ಣಗಾಗೈತೆ. ಕಾಯಾಕೆ ಎರಡು ದಿನ ಬೇಕು," ಅಂದರು ಜೈಬಮ್ಮ. ಅಷ್ಟು ಬಿಗುಮಾನವನ್ನು ಆ ಗಾದಿಯವರು ಯಾವತ್ತೂ ಕಂಡಿರಲಿಕ್ಕಿಲ್ಲ.

ಆಮೇಲೆ ನಾನು ಆ ಬಾವಿಯನ್ನು ಬಿಡಲಿಲ್ಲ. ಕೋರ್ಸು ಮುಗಿದ ಮೇಲೂ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಒಂದು ಸಲ ಪರೀಕ್ಷೆ ಮಾಡೋಣವೆಂದು ಹರಿಹರದ ಹೊಳೆನೀರು, ಹದಡಿಯ ನೀರು, ಅವರ ಬಾವಿಯ ನೀರು ಮೂರನ್ನೂ ಒಂದೇ ಥರದ ಲೋಟಗಳಲ್ಲಿ ಇಟ್ಟೆ. ಜೈಬಮ್ಮ ಒಂದೊಂದು ಗುಟುಕು ಕುಡಿದು ನನ್ನ ಮೀಟರು ಹೇಳಿದ ಕ್ರಮದಲ್ಲೇ ಸರಿಸಿಟ್ಟರು. ನಾಲಿಗೆಗೆ ಸಿಗದ ಕೆಡುಕುಗಳೂ ನೀರಿನಲ್ಲಿರುತ್ತವೆ, ಅವನ್ನು ಲ್ಯಾಬೇ ಹುಡುಕಬೇಕು ಎಂದು ನಾನು ವಾದ ಮಾಡಿದೆ. "ಇರ್ಲಿ ಬಿಡು, ನಿನಗೂ ಕೆಲ್ಸ ಬೇಕಲ್ಲ" ಅಂದರು. ಮುಂದೆ ನನಗೆ ಮದುವೆಯಾಯಿತು, ಕಾಲೇಜಿನಲ್ಲಿ ಕೆಲಸವಾಯಿತು. ತಿಂಗಳಿಗೊಮ್ಮೆ ಹೋಗುತ್ತಿದ್ದವಳು ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ವಿದ್ಯಾರ್ಥಿಗಳಿಗೆ ಮಾತ್ರ ಈ ಕಥೆಯನ್ನು ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದೆ.

ಶರಬತ್ತಿನ ಹುಡುಗ ಹೋದ ಮೇಲೆ ಇದೆಲ್ಲ ನೆನಪಾಗಿ ಮನೆಯಲ್ಲಿ ಕೂರಲಾಗಲಿಲ್ಲ. ಮೀಟರು, ಬೀಕರು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿ ಭಟ್ಟಿ ಓಣಿಗೆ ಹೋದೆ. ಜೈಬಮ್ಮನಿಗೆ ಈಗ ಮಂಡಿನೋವು. ಭಟ್ಟಿಯನ್ನು ಸೊಸೆ ನೋಡಿಕೊಳ್ಳುತ್ತಾಳೆ. ಇವರು ಬಾವಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲ್ಲರನ್ನೂ ಬಯ್ಯುವ ಕೆಲಸ ಇಟ್ಟುಕೊಂಡಿದ್ದಾರೆ. "ಬಂದ್ಯಾ ಮೀಟರಮ್ಮ? ದಾರಿ ನೆನಪೈತಾ?" ಅಂದರು.

ನೀರು ಸೇದಿ, ಬೀಕರನ್ನು ಮೂರು ಸಲ ಗಲಬರಿಸಿ ಅಳತೆ ನೋಡಿದೆ. ಅಂಕಿ ಮೇಲಿತ್ತು. ಬಹಳ ಮೇಲಿತ್ತು.

ಬೀಕರು ಇನ್ನೊಮ್ಮೆ ಗಲಬರಿಸಿದೆ. ಮತ್ತೆ ಅದೇ. ಮೀಟರಿನ ತುದಿ ಒರೆಸಿ, ಚೀಲದಲ್ಲಿದ್ದ ಪರೀಕ್ಷೆಯ ದ್ರಾವಣದಲ್ಲಿ ಅದ್ದಿ ಮೀಟರನ್ನೇ ಪರೀಕ್ಷಿಸಿದೆ. ಮೀಟರು ಸರಿಯಿತ್ತು. ಹೊಸ ನೀರು ಸೇದಿದೆ. ಮತ್ತೆ ಅದೇ. ಬಾವಿಯಿಂದ ನಾಲ್ಕು ಮಾರು ಮೇಲುಗಡೆ ಚರಂಡಿಯ ಚಪ್ಪಡಿ ಒಡೆದು ಕೊಚ್ಚೆ ನಿಂತಿದ್ದುದು ಆಗ ಕಣ್ಣಿಗೆ ಬಿತ್ತು. ಒಂದು ಸಲ ಸುಳ್ಳು ಹೇಳಿ ಈ ಭಟ್ಟಿಯ ಬೆಂಕಿ ಆರಿಸಿದವಳು ನಾನು. ಈಗ ಯಾವ ಬಾಯಲ್ಲಿ ಹೇಳಲಿ?

"ಎಷ್ಟು ಸಲ ತೊಳೀತೀಯವ್ವಾ? ಡಬ್ಬಿ ಸವೆದು ಹೋಗ್ತೈತೆ," ಅಂದರು ಜೈಬಮ್ಮ. "ಹೇಳು."

"ಜೈಬಮ್ಮ... ನೀರು..."

"ಕೆಟ್ಟೈತೆ." ಅವರೇ ಮುಗಿಸಿದರು. "ರಂಜಾನಿನಾಗೇ ಗೊತ್ತಾತು ನನಗೆ. ದಿನಾ ಪೂರಾ ಉಪಾಸ ಇದ್ದು ಮೊದಲ್ನೇ ಗುಟುಕು ಬಾಯಿಗೆ ಹಾಕಿದಾಗ ನಾಲಿಗಿ ಸುಳ್ಳು ಹೇಳಂಗಿಲ್ಲ. ಅವತ್ತಿಂದ ಭತ್ತಕ್ಕೆ ನಲ್ಲಿ ನೀರೇ ಹಾಕಸ್ತೀನಿ. ಓಣಿಯೋರಿಗೆ ಹಗ್ಗ ಲಡ್ಡಾಗೈತೆ, ಸೇದಬ್ಯಾಡ್ರಿ ಅಂತ ನೆಪ ಹೇಳೀನಿ."

"ಮತ್ತೆ ನನಗೊಂದು ಫೋನ್ ಮಾಡಬಾರದಿತ್ತಾ?"

ಅವರು ಬಾವಿಯ ಕಡೆ ನೋಡಿದರು. "ನಲವತ್ತು ವರ್ಷ ಸಿಹಿ ಸಿಹಿ ಅಂದ ಬಾಯಿ ಇದು. ನನ್ನ ಬಾಯಲ್ಲೇ ಹೆಂಗೆ ಅನ್ನಲಿ? ನೀ ಬಂದು ಹೇಳ್ತೀಯ, ಮುಚ್ಚಿಡ್ತೀಯ, ನೋಡೋಣ ಅಂತ ಕಾದೆ."

ಸೊಸೆಯನ್ನು ಕಳಿಸಿ ಓಣಿಯವರನ್ನು ಕರೆಸಿದರು. ಇಪ್ಪತ್ತು ವರ್ಷದ ಹಿಂದೆ ಕೊಡ ಚೆಲ್ಲಿದ್ದ ಹೆಂಗಸೂ ಬಂದಳು, ಈಗ ಮೊಮ್ಮಗುವನ್ನು ಎತ್ತಿಕೊಂಡು. ಈ ಸಲ ಪುಸ್ತಕದ ಕನ್ನಡ ಬಾಯಿಗೆ ಬರಲಿಲ್ಲ. ಚರಂಡಿ ಒಡೆದು ಕೊಚ್ಚೆ ಬಾವಿಗೆ ಇಳೀತಿರೋ ಹಂಗೆ ಕಾಣ್ತೈತೆ, ಲ್ಯಾಬಿಗೆ ಒಂದು ಬಾಟಲಿ ಒಯ್ಯುತ್ತೇನೆ, ಅಲ್ಲೀ ತನಕ ಯಾರೂ ಕುಡೀಬ್ಯಾಡ್ರಿ ಅಂದೆ.

"ಈ ಸಲ ಡಬ್ಬಿ ತೊಳ್ದಿದೀಯಾ?" ಅಂದಳು ಆಕೆ. ಎಲ್ಲರೂ ಗೊಳ್ಳೆಂದರು.

"ನಾ ನೋಡೀನಿ," ಅಂದರು ಜೈಬಮ್ಮ. "ತೊಳ್ದೂ ತೊಳ್ದೂ ಅರ್ಧ ಬಾವಿ ಖಾಲಿ ಮಾಡ್ಯಾಳೆ." ಚಪ್ಪಡಿ ಎತ್ತಿಸುವುದು ಹೇಗೆ, ಸಿಮೆಂಟು ಯಾರು ತರುವುದು ಎಂಬ ಮಾತು ಶುರುವಾಯಿತು.

ಚರಂಡಿ ಸರಿಯಾದ ಮೇಲೆ ನೀರೆಲ್ಲ ಎತ್ತಿಸಿ ಬಾವಿ ತೊಳೆಸಬೇಕು, ಒಂದು ಮಳೆಗಾಲವಾದರೂ ಕಳೆಯಬೇಕು, ಆಮೇಲೂ ಖಾತ್ರಿ ಹೇಳಲಾರೆ ಎಂದು ಜೈಬಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮಂಡಿ ಹಿಡಿದುಕೊಂಡು ಎದ್ದರು. ಗಾಲಿಯಿಂದ ಸೇದುವ ಹಗ್ಗವನ್ನು ಎಳೆದು, ಅಂಗೈಗೂ ಮೊಣಕೈಗೂ ಸುತ್ತು ಹಾಕುತ್ತ ಹಾಕುತ್ತ ಒಂದು ಸಿಂಬೆ ಮಾಡಿ ನನ್ನ ಕೈಗೆ ಕೊಟ್ಟರು.

"ಇಲ್ಲಿದ್ರೆ ಯಾರಾರಾ ಸೇದ್ತಾರೆ. ಯಾರು ಅಂದ್ರೆ, ನಾನೇ ಸೇದ್ತೀನಿ. ಚಲೋ ಆಗೈತೆ ಅಂತ ನಿನಗೆ ಖಾತ್ರಿಯಾದ ದಿನ ತಂದು ಹಾಕು."

ಆ ಹಗ್ಗ ಈಗ ನಮ್ಮ ಹಿತ್ತಲಿನ ಮೊಳೆಯಲ್ಲಿ ತೂಗುತ್ತಿದೆ. ಮೊದಲ ದಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಯಜಮಾನರು ಕೆಳಗೊಂದು ಪಾತ್ರೆ ಇಟ್ಟಿದ್ದರು. ಇವತ್ತು ಬೆಳಿಗ್ಗೆ ಮುಟ್ಟಿದರೆ ಒಣಗಿ ಗರಿಗರಿಯಾಗಿತ್ತು. ಇದನ್ನು ಬರೆಯಲು ಕೂತಾಗ ಜೈಬಮ್ಮನ ಫೋನು ಬಂತು. ಚಪ್ಪಡಿ ಎತ್ತಿದರಂತೆ, ಸಿಮೆಂಟು ನಾಳೆಯಂತೆ. ಇಡುವ ಮುಂಚೆ ಅಂದರು: "ಹಗ್ಗಾನ ಬಿಸಿಲಾಗೆ ಹಾಕಬ್ಯಾಡ ಬೇಟಿ, ನಾರು ಸೆಟೆದು ಹೋಗ್ತೈತೆ. ಮುಂದೆ ಬೇಕಾಗೈತೆ ಅದು."

ಎದ್ದು ಹೋಗಿ ಹಗ್ಗವನ್ನು ನೆರಳಿಗೆ ತಂದಿಟ್ಟೆ.